ಮುದಿ ಚರ್ಮದಲ್ಲೂ ನೀಲಿ, ಭ್ರೂಣದಲ್ಲೂ ನೀಲಿ

ವಯಸ್ಸಾದವರ ಚರ್ಮದ ಒಂದು ತೆಳು ಪದರವನ್ನು ಒಂದು ದ್ರಾವಣದಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಟ್ಟರೆ ಅಲ್ಲಲ್ಲಿ ಕೆಲವು ಜೀವಕೋಶಗಳು ನೀಲಿಯಾಗುತ್ತವೆ. ಇಲಿಯ ಭ್ರೂಣವನ್ನು ಅದೇ ದ್ರಾವಣದಲ್ಲಿ ಇಟ್ಟರೆ ಅಲ್ಲೂ ಕೆಲವು ಜಾಗಗಳಲ್ಲಿ ನೀಲಿ ಬರುತ್ತದೆ. ಮೊದಲನೆಯದನ್ನು ನೋಡಿದಾಗ ಇದು ಮುಪ್ಪಿನ ಗುರುತು ಎಂದು ಎಲ್ಲರಿಗೂ ಅನಿಸಿತು. ಎರಡನೆಯದನ್ನು ನೋಡಿದ ಮೇಲೆ ಆ ಮಾತನ್ನು ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಆದರೂ ಇವತ್ತಿಗೂ ಎಷ್ಟೋ ಪೋಸ್ಟರ್‌ಗಳಲ್ಲಿ, ಎಷ್ಟೋ ಪ್ರಬಂಧಗಳಲ್ಲಿ "ನೀಲಿ ಅಂದರೆ ಮುದಿ ಕೋಶ" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ವರ್ಷಗಟ್ಟಲೆ ಅಂಗಾಂಶಗಳಿಗೆ ಬಣ್ಣ ಹಾಕುವ ಕೆಲಸವನ್ನೇ ಮಾಡಿಕೊಂಡು ಬಂದ ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಣ್ಣ ಯಾಕೆ ಹಾಕಬೇಕು ಅನ್ನುವುದರಿಂದಲೇ ಶುರು ಮಾಡೋಣ. ದೇಹದ ಯಾವ ಭಾಗವನ್ನೇ ಆಗಲಿ ತೆಳುವಾಗಿ ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಹೆಚ್ಚುಕಮ್ಮಿ ಏನೂ ಕಾಣುವುದಿಲ್ಲ. ಎಲ್ಲವೂ ಪಾರದರ್ಶಕ. ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ದಿನಾ ಬಳಸುವುದು ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಜೋಡಿ. ಹಿಮಟಾಕ್ಸಿಲಿನ್ ಬರುವುದು ಮೆಕ್ಸಿಕೋ ಕಡೆಯ ಲಾಗ್‌ವುಡ್ ಮರದ ತಿರುಳಿನಿಂದ. ಅದು ಅಂಗಾಂಶಕ್ಕೆ ಕಚ್ಚಿಕೊಳ್ಳಬೇಕಾದರೆ ಪಟಿಕ ಬೇಕು, ಬಟ್ಟೆಗೆ ಬಣ್ಣ ಹಾಕುವವರು ಬಳಸುವ ಅದೇ ಪಟಿಕ. ನ್ಯೂಕ್ಲಿಯಸ್ ನೀಲಿ-ನೇರಳೆ, ಉಳಿದದ್ದು ಗುಲಾಬಿ. ನಮ್ಮಲ್ಲಿ ಬಿಎಸ್ಸಿ ಜೂವಾಲಜಿ ಓದಿದವರಿಗೆ ಪ್ರಾಕ್ಟಿಕಲ್ಸ್‌ನಲ್ಲಿ 24 ಗಂಟೆ, 33 ಗಂಟೆ, 48 ಗಂಟೆ, 72 ಗಂಟೆಯ ಕೋಳಿ ಭ್ರೂಣದ ಸ್ಲೈಡುಗಳನ್ನು ನೋಡಿ ಚಿತ್ರ ಬರೆದದ್ದು ನೆನಪಿರುತ್ತದೆ, ಅಲ್ವಾ? ಅವೂ ಹೀಗೆ ಬಣ್ಣ ಹಾಕಿದ ಸ್ಲೈಡುಗಳೇ. ಬಣ್ಣ ಇಲ್ಲದಿದ್ದರೆ ಬೆನ್ನಿನುದ್ದಕ್ಕೂ ಜೋಡಿಜೋಡಿಯಾಗಿ ಕಾಣುವ ಸೋಮೈಟು ಎಂಬ ಗಂಟುಗಳನ್ನು ಎಣಿಸುವುದು ತುಂಬಾ ಕಷ್ಟ.

ಈ ಬಗೆಯ ಬಣ್ಣಗಳು ಮುಖ್ಯವಾಗಿ ಆಕಾರ ತೋರಿಸುತ್ತವೆ. ಕೋಶ ಎಲ್ಲಿದೆ, ಎಷ್ಟು ದೊಡ್ಡದಿದೆ, ಪಕ್ಕದಲ್ಲಿ ಯಾರಿದ್ದಾರೆ. ಆದರೆ ಆ ಕೋಶ ಈಗ ಏನು ಮಾಡುತ್ತಿದೆ ಎಂದು ತಿಳಿಯಲು ಬೇರೆ ದಾರಿ ಬೇಕು. ಅಲ್ಲಿ ನಾವು ಬಣ್ಣವನ್ನೇ ಹಾಕುವುದಿಲ್ಲ. ಬಣ್ಣವಿಲ್ಲದ ಒಂದು ವಸ್ತುವನ್ನು ಕೊಡುತ್ತೇವೆ, ಕೋಶದ ಒಳಗಿನ ಕಿಣ್ವವೇ ಅದನ್ನು ಬಣ್ಣವಾಗಿ ಮಾರ್ಪಡಿಸುತ್ತದೆ. ನಾನು ಮೊದಲು ಹೇಳಿದ ನೀಲಿ ಈ ಜಾತಿಗೆ ಸೇರಿದ್ದು.

ಕಥೆ ಶುರುವಾಗುವುದು 1961ರಲ್ಲಿ. ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯನ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಾ ಹೋದರು. ಅವು ಸುಮಾರು 50 ಸಲ ದುಪ್ಪಟ್ಟಾಗಿ ಆಮೇಲೆ ನಿಂತುಬಿಟ್ಟವು. ಸಾಯಲಿಲ್ಲ, ವಿಭಜನೆಯನ್ನೂ ಮಾಡಲಿಲ್ಲ. ಸುಮ್ನೆ ಇದ್ದವು, ಹರಡಿಕೊಂಡು, ಚಪ್ಪಟೆಯಾಗಿ. ಇಂಥವನ್ನೇ ಸೆನೆಸೆಂಟ್ ಕೋಶ ಎನ್ನುತ್ತೇವೆ. ಗಾಜಿನ ಪಾತ್ರೆಯಲ್ಲಿ ಹೀಗಾಗುತ್ತದೆ ಸರಿ, ನಮ್ಮ ದೇಹದೊಳಗೂ ಆಗುತ್ತದೆಯೇ? ಅದನ್ನು ತಿಳಿಯಲು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಉಪಾಯ ಇರಲಿಲ್ಲ. ವಿಭಜನೆ ಆಗದ ಕೋಶಗಳು ದೇಹದ ತುಂಬಾ ಇವೆ. ಅವುಗಳಲ್ಲಿ ಸುಮ್ಮನೆ ವಿರಮಿಸುತ್ತಿರುವುದು ಯಾವುದು, ಶಾಶ್ವತವಾಗಿ ನಿಂತುಹೋದದ್ದು ಯಾವುದು ಎಂದು ಹೇಗೆ ಹೇಳುವುದು?

1995ರಲ್ಲಿ ಬರ್ಕ್ಲಿಯಲ್ಲಿ ಜೂಡಿತ್ ಕ್ಯಾಂಪಿಸಿ ಅವರ ತಂಡ, ಗೋಬರ್ಧನ್ ದಿಮ್ರಿ ಮೊದಲ ಲೇಖಕರಾಗಿ, ಒಂದು ಪ್ರಬಂಧ ಪ್ರಕಟಿಸಿತು. ಸೆನೆಸೆಂಟ್ ಕೋಶಗಳಲ್ಲಿ ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವದ ಚಟುವಟಿಕೆ ಪಿಎಚ್ (ಆಮ್ಲದ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಜಾಸ್ತಿ) 6ರಲ್ಲೂ ಕಾಣುತ್ತದೆ, ವಿರಮಿಸುತ್ತಿರುವ ಕೋಶಗಳಲ್ಲಿ ಕಾಣುವುದಿಲ್ಲ ಎಂದು ತೋರಿಸಿದರು. ಬೇರೆ ಬೇರೆ ವಯಸ್ಸಿನವರ ಚರ್ಮದ ಮಾದರಿಗಳಿಗೆ ಈ ಪರೀಕ್ಷೆ ಮಾಡಿದರು. ವಯಸ್ಸು ಹೆಚ್ಚಿದಂತೆ ನೀಲಿ ಕೋಶಗಳೂ ಹೆಚ್ಚಿದವು. ಮುಪ್ಪನ್ನು ಕಣ್ಣಿಂದಲೇ ನೋಡಬಹುದು ಅನ್ನುವ ಹಾಗಾಯಿತು. ಕ್ಯಾಂಪಿಸಿ 2024ರಲ್ಲಿ ತೀರಿಕೊಂಡರು. ಅವರು ಕೊಟ್ಟ ಈ ವಿಧಾನವನ್ನು ಈಗ ಪ್ರಪಂಚದ ಬಹುತೇಕ ಎಲ್ಲ ಏಜಿಂಗ್ ಲ್ಯಾಬುಗಳೂ ಬಳಸುತ್ತವೆ. ಎಸ್‌ಎ ಬೀಟಾ ಗ್ಯಾಲ್ (ಎಸ್‌ಎ ಅಂದರೆ ಸೆನೆಸೆನ್ಸ್-ಅಸೋಸಿಯೇಟೆಡ್) ಅಂತ ನಾವು ಚಿಕ್ಕದಾಗಿ ಕರೆಯುತ್ತೇವೆ.

ಇದರ ಕೆಮಿಸ್ಟ್ರಿ ನನಗೆ ಬಹಳ ಇಷ್ಟ. ಕೋಶಗಳಿಗೆ ಕೊಡುವ ವಸ್ತು ಎಕ್ಸ್-ಗ್ಯಾಲ್. ಒಂದು ಕಡೆ ಗ್ಯಾಲಕ್ಟೋಸ್ ಸಕ್ಕರೆ, ಇನ್ನೊಂದು ಕಡೆ ಇಂಡಾಕ್ಸಿಲ್ ಎಂಬ ಅಣುವಿನ ಒಂದು ರೂಪ. ಕಿಣ್ವ ಸಕ್ಕರೆಯನ್ನು ಕತ್ತರಿಸಿ ಬಿಸಾಡುತ್ತದೆ. ಹೀಗೆ ಉಳಿದ ಇಂಡಾಕ್ಸಿಲ್ ತುಂಡುಗಳು ಎರಡೆರಡಾಗಿ ಆಮ್ಲಜನಕದ ನೆರವಿನಿಂದ ಜೋಡಿಯಾಗಿ ನೀಲಿ ಆಗುತ್ತವೆ. ಆ ನೀಲಿ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಹುಟ್ಟಿದ ಜಾಗದಲ್ಲೇ ಕೂರುತ್ತದೆ. ನೀಲಿ ಗಿಡದ ಎಲೆಯನ್ನು ತೊಟ್ಟಿಯಲ್ಲಿ ಕೊಳೆಹಾಕಿ ನೀಲಿ ತೆಗೆಯುವಾಗ ನಡೆಯುವುದೂ ಇದೇ: ಎಲೆಯಲ್ಲಿರುವ ಇಂಡಿಕನ್‌ನಿಂದ ಕಿಣ್ವ ಸಕ್ಕರೆಯನ್ನು ಬಿಡಿಸುತ್ತದೆ, ಉಳಿದ ಇಂಡಾಕ್ಸಿಲ್ ಗಾಳಿ ತಾಗಿ ನೀಲಿಯಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನಾವು ನೋಡುವ ನೀಲಿಯೂ ಇಂಡಿಗೊ ಕುಟುಂಬದ್ದೇ, ಬ್ರೋಮಿನ್ ಮತ್ತು ಕ್ಲೋರಿನ್ ಸೇರಿಕೊಂಡಿವೆ ಅಷ್ಟೇ.

ಈಗ ಆ ಪಿಎಚ್ 6ಕ್ಕೆ ಬರೋಣ. ಇಡೀ ಪರೀಕ್ಷೆ ನಿಂತಿರುವುದು ಅದರ ಮೇಲೆ. ಈ ಕಿಣ್ವ ಇರುವುದು ಲೈಸೊಸೋಮಿನಲ್ಲಿ, ಅಂದರೆ ಕೋಶದ ಕಸ ವಿಲೇವಾರಿ ಚೀಲದಲ್ಲಿ. ಅಲ್ಲಿ ಆಮ್ಲ ಜಾಸ್ತಿ, ಕಿಣ್ವ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 4 ರಿಂದ 4.5ರಲ್ಲಿ. ಆ ಪಿಎಚ್‌ನಲ್ಲಿ ಪರೀಕ್ಷೆ ಮಾಡಿದರೆ ಹೆಚ್ಚೂಕಡಿಮೆ ಎಲ್ಲ ಕೋಶಗಳೂ ನೀಲಿಯಾಗುತ್ತವೆ, ಎಳೆಯವೂ ಸೇರಿ. ಪಿಎಚ್ 6ರಲ್ಲಿ ಕಿಣ್ವಕ್ಕೆ ಕಷ್ಟ. ಆದ್ದರಿಂದ ಕಿಣ್ವ ತುಂಬಾ ಇರುವ ಕೋಶಗಳು ಮಾತ್ರ ಕಣ್ಣಿಗೆ ಕಾಣುವಷ್ಟು ನೀಲಿ ಮಾಡುತ್ತವೆ. ಒಂದು ಸಣ್ಣ ಅಂತರದ ಮೇಲೆ ನಿಂತ ಪರೀಕ್ಷೆ ಇದು.

ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವುದು ಇನ್‌ಕ್ಯುಬೇಟರ್ ವಿಷಯ. ಕೋಶ ಬೆಳೆಸುವ ಮಾಮೂಲಿ ಇನ್‌ಕ್ಯುಬೇಟರಿನಲ್ಲಿ 5% ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅದು ದ್ರಾವಣದಲ್ಲಿ ಕರಗಿ ಆಮ್ಲವಾಗುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಪಿಎಚ್ 6 ಇದ್ದದ್ದು ಕೆಳಗಿಳಿದು, ಬೆಳಿಗ್ಗೆ ಬಂದು ನೋಡಿದರೆ ತಟ್ಟೆಯೆಲ್ಲಾ ನೀಲಿ. ಆ ಚಿತ್ರ ನೋಡಿದವರು "ನಮ್ಮ ಔಷಧಿ ಕೋಶಗಳನ್ನು ಮುದಿ ಮಾಡಿತು" ಎಂದು ತೀರ್ಮಾನಿಸುವ ಅಪಾಯ ನಿಜವಾಗಿಯೂ ಇದೆ. 37 ಡಿಗ್ರಿ ಇರಬೇಕು, ಕಾರ್ಬನ್ ಡೈಆಕ್ಸೈಡ್ ಇರಬಾರದು. ಫಿಕ್ಸ್ ಮಾಡುವುದೂ, ಅಂದರೆ ಕೋಶ ಕೆಡದಂತೆ ರಾಸಾಯನಿಕದಲ್ಲಿ ಗಟ್ಟಿ ಮಾಡುವುದೂ, ಕೆಲವೇ ನಿಮಿಷ. ಜಾಸ್ತಿ ಹೊತ್ತು ಬಿಟ್ಟರೆ ಕಿಣ್ವ ಸತ್ತುಹೋಗುತ್ತದೆ, ನೀಲಿ ಬರುವುದೇ ಇಲ್ಲ. ಆಸ್ಪತ್ರೆಗಳಲ್ಲಿ ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಬ್ಲಾಕುಗಳ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ, ಇದೇ ಕಾರಣಕ್ಕೆ. ತಾಜಾ ಅಂಗಾಂಶ ಬೇಕು, ಇಲ್ಲವೇ ಹೆಪ್ಪುಗಟ್ಟಿಸಿ ಇಟ್ಟದ್ದು ಬೇಕು. ಮನುಷ್ಯರ ಮುಪ್ಪಿನ ಅಧ್ಯಯನಕ್ಕೆ ಇದು ದೊಡ್ಡ ಅಡ್ಡಿ. ಅಷ್ಟೊಂದು ಬ್ಲಾಕುಗಳು ಕಪಾಟುಗಳಲ್ಲಿ ಇವೆ, ಆದರೆ ಈ ಪ್ರಶ್ನೆಗೆ ಅವು ಉತ್ತರ ಕೊಡಲಾರವು.

ಈಗ 2013. ಆ ವರ್ಷ ನವೆಂಬರ್‌ನಲ್ಲಿ ಸೆಲ್ ಪತ್ರಿಕೆಯಲ್ಲಿ ಒಟ್ಟಿಗೇ ಎರಡು ಪ್ರಬಂಧಗಳು ಬಂದವು. ಎರಡೂ ಸ್ಪೇನಿನವು. ಒಂದು ಮ್ಯಾಡ್ರಿಡ್‌ನ ಮಾನ್ಯುಯೆಲ್ ಸೆರಾನೊ ಅವರ ತಂಡದ್ದು, ಇನ್ನೊಂದು ಬಾರ್ಸಿಲೋನಾದ ವಿಲಿಯಂ ಕೀಯ್ಸ್ ಅವರ ತಂಡದ್ದು. ಇಬ್ಬರೂ ಭ್ರೂಣಗಳನ್ನು ಇಡಿಯಾಗಿ ಈ ದ್ರಾವಣದಲ್ಲಿ ಇಟ್ಟು ನೋಡಿದ್ದರು. ಕೈಕಾಲು ಮೊಳಕೆಯೊಡೆಯುವಾಗ ಅದರ ತುದಿಯಲ್ಲಿ ಒಂದು ದಪ್ಪ ಅಂಚು ಇರುತ್ತದೆ, ಬೆಳವಣಿಗೆಗೆ ಸೂಚನೆ ಕೊಡುವುದು ಅದೇ. ಆ ಅಂಚು ನೀಲಿ. ಬೆನ್ನುಹುರಿಯಾಗಲಿರುವ ಕೊಳವೆಯ ಮೇಲ್ಛಾವಣಿ ನೀಲಿ. ಒಳಕಿವಿಯ ಒಂದು ಪುಟ್ಟ ಚೀಲ ನೀಲಿ. ಮೀಸೊನೆಫ್ರಾಸ್ ಅಂತ ಭ್ರೂಣಕ್ಕೆ ಒಂದು ತಾತ್ಕಾಲಿಕ ಮೂತ್ರಪಿಂಡ ಇರುತ್ತದೆ, ನಿಜವಾದದ್ದು ಬೆಳೆಯುವಷ್ಟರಲ್ಲಿ ಅದು ಕರಗಿ ಹೋಗಬೇಕು. ಅದೂ ನೀಲಿ, ಮನುಷ್ಯರ ಭ್ರೂಣದಲ್ಲಿಯೂ.

ದಿನಗಳ ಲೆಕ್ಕದಲ್ಲಿ ವಯಸ್ಸಿರುವ ಜೀವದಲ್ಲಿ ಮುಪ್ಪು ಎಲ್ಲಿಂದ ಬರಬೇಕು?

ಬರೀ ನೀಲಿ ನೋಡಿ ಅವರು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅವರು ವಿಭಜನೆ ನಿಂತಿದೆಯೇ ಎಂದು ನೋಡಿದರು, ನಿಂತಿತ್ತು. ವಿಭಜನೆ ತಡೆಯುವ ಪಿ21 ಎಂಬ ಪ್ರೋಟೀನ್ ಇದೆಯೇ ಎಂದು ನೋಡಿದರು, ಇತ್ತು. ಪಿ21 ಇಲ್ಲದ ಇಲಿಗಳಲ್ಲಿ ಆ ಜಾಗಗಳ ನೀಲಿ ತಗ್ಗಿತು, ಜೊತೆಗೆ ಬೆಳವಣಿಗೆಯಲ್ಲಿ ಸಣ್ಣಪುಟ್ಟ ದೋಷಗಳು ಬಂದವು. ಡಿಎನ್ಎ ಹಾಳಾದ ಗುರುತು ಮಾತ್ರ ಇರಲಿಲ್ಲ. ಅಂದರೆ ಇವು ಪೆಟ್ಟು ತಿಂದು ನಿಂತ ಕೋಶಗಳಲ್ಲ. ಇನ್ನು ಸಾಕು, ಇಲ್ಲಿಗೆ ನಿಲ್ಲು ಎಂದು ಬೆಳವಣಿಗೆಯ ಕ್ರಮವೇ ಹೇಳಿದ್ದಕ್ಕೆ ನಿಂತ ಕೋಶಗಳು. ಆಮೇಲೆ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ಬಂದು ಅವನ್ನು ತಿಂದು ತೆಗೆಯುತ್ತವೆ, ಅಂಗ ತನ್ನ ಆಕಾರಕ್ಕೆ ಬರುತ್ತದೆ. ಹಾಗೆ ನೋಡಿದರೆ ಭ್ರೂಣ ಮತ್ತು ಮುಪ್ಪಿನ ನಡುವಿನ ವ್ಯತ್ಯಾಸ ಕೋಶ ನಿಲ್ಲುವುದರಲ್ಲಿ ಇಲ್ಲದೇ ಇರಬಹುದು. ಭ್ರೂಣದಲ್ಲಿ ನಿಂತ ಕೋಶಗಳನ್ನು ಹೊತ್ತಿಗೆ ಸರಿಯಾಗಿ ತೆಗೆಯುವವರಿದ್ದಾರೆ. ವಯಸ್ಸಾದ ಅಂಗಾಂಶದಲ್ಲಿ ಅವು ಉಳಿದುಕೊಳ್ಳುತ್ತವೆ, ಸುತ್ತಲಿನ ಕೋಶಗಳಿಗೆ ಉರಿಯೂತದ ಸಂಕೇತಗಳನ್ನು ಕಳಿಸುತ್ತಾ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಕಳೆದ ಕೆಲವು ದಶಕಗಳಲ್ಲಿ ಬಂದ ಅತ್ಯಂತ ಸುಂದರವಾದ ವಿಚಾರ ಇದು.

ಹಾಗಾದರೆ ಆ ನೀಲಿ ನಿಜಕ್ಕೂ ಹೇಳುತ್ತಿರುವುದು ಏನನ್ನು? ಇದಕ್ಕೆ ಉತ್ತರ 2006ರಲ್ಲೇ ಸಿಕ್ಕಿತ್ತು, ಓದಿದವರು ಕಡಿಮೆ. ಜಿಎಂ1 ಗ್ಯಾಂಗ್ಲಿಯೊಸಿಡೋಸಿಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಲೈಸೊಸೋಮಿನ ಈ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅಂಥ ರೋಗಿಗಳ ಕೋಶಗಳನ್ನು ಬೆಳೆಸಿದರೆ ಅವೂ ಒಂದು ದಿನ ವಿಭಜನೆ ನಿಲ್ಲಿಸುತ್ತವೆ, ಚಪ್ಪಟೆಯಾಗುತ್ತವೆ, ಎಲ್ಲ ರೀತಿಯಲ್ಲೂ ಸೆನೆಸೆಂಟ್ ಆಗುತ್ತವೆ. ಆದರೆ ನೀಲಿಯಾಗುವುದಿಲ್ಲ. ಕೋಶ ನಿಲ್ಲುವುದಕ್ಕೂ ಈ ಕಿಣ್ವಕ್ಕೂ ಕಾರಣದ ಸಂಬಂಧ ಇಲ್ಲ ಎಂದಾಯಿತು. ನಿಂತ ಕೋಶದಲ್ಲಿ ಲೈಸೊಸೋಮುಗಳು ಹೆಚ್ಚುತ್ತವೆ, ಆದ್ದರಿಂದ ಕಿಣ್ವವೂ ಹೆಚ್ಚುತ್ತದೆ, ಆದ್ದರಿಂದ ನೀಲಿ. ಬೇರೆ ಕಾರಣಕ್ಕೆ ಲೈಸೊಸೋಮು ಜಾಸ್ತಿ ಇರುವ ಕೋಶವೂ ಹಾಗೇ ನೀಲಿಯಾಗುತ್ತದೆ. ಮ್ಯಾಕ್ರೊಫೇಜ್ ಆಗುತ್ತದೆ, ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಆಗುತ್ತದೆ, ತಟ್ಟೆಯಲ್ಲಿ ಒತ್ತೊತ್ತಾಗಿ ಬಹಳ ದಿನ ಇದ್ದ ಆರೋಗ್ಯವಂತ ಕೋಶವೂ ಆಗುತ್ತದೆ. ವಯಸ್ಸಾದ ಇಲಿಗಳ ಕೊಬ್ಬಿನಲ್ಲಿ ನೀಲಿಯಾದ ಕೋಶಗಳಲ್ಲಿ ಮ್ಯಾಕ್ರೊಫೇಜ್‌ಗಳೂ ಇವೆ ಎಂದು 2016ರಲ್ಲಿ ತೋರಿಸಿದರು. ಅವು ಸೆನೆಸೆಂಟ್ ಕೋಶಗಳನ್ನು ಹುಡುಕಲು ಬಳಸುವ ಪಿ16 ಎಂಬ ಇನ್ನೊಂದು ಗುರುತನ್ನೂ ಹೊತ್ತುಕೊಂಡಿದ್ದವು.

ಇದು ಬರೀ ಲ್ಯಾಬಿನವರ ತಲೆನೋವಲ್ಲ. ಮುದಿ ಕೋಶಗಳನ್ನು ಔಷಧದಿಂದ ತೆಗೆದುಹಾಕುವ ಪ್ರಯತ್ನಗಳು ಈಗ ಜೋರಾಗಿ ನಡೆಯುತ್ತಿವೆ. 2011ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ, ಬೇಗ ಮುಪ್ಪಾಗುವ ಒಂದು ಬಗೆಯ ಇಲಿಗಳಲ್ಲಿ ಪಿ16 ಇರುವ ಕೋಶಗಳನ್ನು ತೆಗೆದಾಗ ಕಣ್ಣಿನ ಪೊರೆ, ಸ್ನಾಯು ಸವೆತ ತಡವಾದವು. ಒಳ್ಳೆಯ ಸುದ್ದಿ. ಆದರೆ 2014ರಲ್ಲಿ ಕ್ಯಾಂಪಿಸಿ ಅವರ ತಂಡವೇ ಇನ್ನೊಂದು ಮುಖ ತೋರಿಸಿತು. ಚರ್ಮಕ್ಕೆ ಗಾಯವಾದಾಗ ಅಲ್ಲಿ ಕೆಲ ದಿನ ಸೆನೆಸೆಂಟ್ ಕೋಶಗಳು ಕಾಣಿಸಿಕೊಳ್ಳುತ್ತವೆ, ಅವು ಬಿಡುವ ಒಂದು ಪ್ರೋಟೀನ್ ಗಾಯ ಮುಚ್ಚಲು ನೆರವಾಗುತ್ತದೆ. ಅವನ್ನು ತೆಗೆದರೆ ಗಾಯ ವಾಸಿಯಾಗುವುದು ನಿಧಾನ. ಯಾವ ನೀಲಿಯನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಿಲ್ಲದೆ ಕೈ ಹಾಕುವುದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮುಪ್ಪು ತಡೆಯುವ ಮಾತ್ರೆ ಎಂದು ಆನ್‌ಲೈನಿನಲ್ಲಿ ಮಾರುವವರು ಇಷ್ಟನ್ನೆಲ್ಲಾ ಹೇಳುವುದಿಲ್ಲ.

ಒಂದೇ ಬಣ್ಣ ನಂಬಬೇಡಿ ಎಂದು ಈಗ ಎಲ್ಲರೂ ಒಪ್ಪುತ್ತಾರೆ. ನೀಲಿಯ ಜೊತೆಗೆ ಪಿ16 ಅಥವಾ ಪಿ21 ನೋಡಬೇಕು, ವಿಭಜಿಸುವ ಕೋಶಗಳಲ್ಲಿರುವ ಕೆಐ-67 ಎಂಬ ಪ್ರೋಟೀನ್ ಇಲ್ಲ ಎಂದು ಖಚಿತ ಮಾಡಬೇಕು, ನ್ಯೂಕ್ಲಿಯಸ್ಸಿನ ಲ್ಯಾಮಿನ್ ಬಿ1 ಎಂಬ ಪ್ರೋಟೀನ್ ಕಡಿಮೆಯಾಗಿದೆಯೇ ನೋಡಬೇಕು. ಮೇಣದ ಬ್ಲಾಕುಗಳೇ ಗತಿ ಅನ್ನುವವರಿಗೆ ಸುಡಾನ್ ಬ್ಲ್ಯಾಕ್ ಬಿ ಇದೆ. ವಯಸ್ಸಾದ ಕೋಶಗಳಲ್ಲಿ ಲಿಪೊಫ್ಯೂಸಿನ್ ಎಂಬ ಹಳದಿ-ಕಂದು ಕಲ್ಮಶ ಕೂಡಿಕೊಳ್ಳುತ್ತದೆ, ಅದನ್ನು ಈ ಬಣ್ಣ ಹಿಡಿಯುತ್ತದೆ. ಕಿಣ್ವ ಬದುಕಿರಬೇಕು ಅನ್ನುವ ಷರತ್ತು ಅಲ್ಲಿಲ್ಲ.

ಇಷ್ಟು ಹೇಳಿ ಮೂಳೆಯ ವಿಷಯ ಬಿಟ್ಟರೆ ನನಗೆ ಸಮಾಧಾನ ಆಗುವುದಿಲ್ಲ. ಬೆಳವಣಿಗೆಯನ್ನು ಬಣ್ಣದಿಂದ ಓದುವ ಕೆಲಸ ಶುರುವಾದದ್ದೇ ಅಲ್ಲಿ. 1736ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಬೆಲ್ಚಿಯರ್ ಬಟ್ಟೆಗೆ ಅಚ್ಚು ಹಾಕುವ ಒಬ್ಬರ ಮನೆಯಲ್ಲಿ ಊಟಕ್ಕೆ ಕೂತಿದ್ದರು. ತಟ್ಟೆಗೆ ಬಂದ ಹಂದಿಮಾಂಸದಲ್ಲಿ ಮೂಳೆ ಕೆಂಪಗಿತ್ತು. ವಿಚಾರಿಸಿದರೆ, ಬಟ್ಟೆಗೆ ಮ್ಯಾಡರ್ ಬೇರಿನ ಕೆಂಪು ಹಾಕಿದ ಮೇಲೆ ಉಳಿದ ಬಣ್ಣದ ತೌಡನ್ನು ಹಂದಿಗೆ ತಿನ್ನಿಸುತ್ತಿದ್ದರಂತೆ. ನಮ್ಮ ಮಂಜಿಷ್ಠ ಈ ಮ್ಯಾಡರ್ ಗಿಡದ ಹತ್ತಿರದ ಸಂಬಂಧಿ. ಆ ಬಣ್ಣ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಹೊಸದಾಗಿ ಕಟ್ಟಿಕೊಳ್ಳುವ ಮೂಳೆ ಮಾತ್ರ ಕೆಂಪಾಗುತ್ತದೆ. ಫ್ರಾನ್ಸಿನ ದುಹಾಮೆಲ್ ದು ಮಾನ್ಸೊ ಪ್ರಾಣಿಗಳಿಗೆ ಕೆಲ ದಿನ ಮ್ಯಾಡರ್ ಕೊಟ್ಟು, ಕೆಲ ದಿನ ನಿಲ್ಲಿಸಿ ನೋಡಿದರು. ಮೂಳೆಯಲ್ಲಿ ಕೆಂಪು, ಬಿಳಿ, ಕೆಂಪು ಪದರಗಳು. ಕಾಲವೇ ಮೂಳೆಯಲ್ಲಿ ಬರೆದುಕೊಂಡಿತ್ತು. ಲಂಡನ್ನಿನ ಜಾನ್ ಹಂಟರ್ ಇದನ್ನು ಮುಂದುವರಿಸಿ ಮೂಳೆ ಹೊರಗಿನಿಂದ ಕಟ್ಟುತ್ತಾ ಒಳಗಿನಿಂದ ಕರಗುತ್ತಾ ಬೆಳೆಯುತ್ತದೆ, ಉದ್ದವಾಗುವುದು ತುದಿಗಳಲ್ಲಿ ಎಂದು ಹೇಳಿದರು.

ಇದೇ ಉಪಾಯ ಇವತ್ತು ಮುಪ್ಪಿನ ಕಡೆಗೂ ಬಂದಿದೆ. ಮೂಳೆ ಸವೆತದ ಅಧ್ಯಯನದಲ್ಲಿ ರೋಗಿಗೆ ಟೆಟ್ರಾಸೈಕ್ಲಿನ್ ಔಷಧವನ್ನು ಕೆಲ ದಿನ ಕೊಟ್ಟು, ಸುಮಾರು ಎರಡು ವಾರ ಬಿಟ್ಟು ಮತ್ತೆ ಕೊಡುತ್ತಾರೆ. ಆಮೇಲೆ ಸೊಂಟದ ಮೂಳೆಯ ಸಣ್ಣ ಚೂರು ತೆಗೆದು ನೋಡಿದರೆ ಎರಡು ಹೊಳೆಯುವ ಗೆರೆಗಳು. ಗೆರೆಗಳ ನಡುವಿನ ಅಂತರವನ್ನು ದಿನಗಳಿಂದ ಭಾಗಿಸಿದರೆ ಮೂಳೆ ಎಷ್ಟು ವೇಗವಾಗಿ ಕಟ್ಟುತ್ತಿದೆ ಎಂದು ಗೊತ್ತಾಗುತ್ತದೆ.

ಭ್ರೂಣಕ್ಕೆ ಬಂದರೆ, ಕೆಂಪಿನ ಜೊತೆ ಒಂದು ನೀಲಿಯೂ ಸೇರುತ್ತದೆ. ಮ್ಯಾಡರ್ ಕೆಂಪಿನ ಬಳಗದ ಅಲಿಝರಿನ್ ರೆಡ್ ಮೂಳೆಗೆ, ಆಲ್ಸಿಯನ್ ಬ್ಲೂ ಮೃದ್ವಸ್ಥಿಗೆ. ಮೃದ್ವಸ್ಥಿಯ ಉದ್ದುದ್ದ ಸಕ್ಕರೆ ಸರಪಳಿಗಳಲ್ಲಿ ಋಣ ವಿದ್ಯುದಂಶ ತುಂಬಾ ಇರುತ್ತದೆ, ಅದಕ್ಕೆ ಆಲ್ಸಿಯನ್ ಬ್ಲೂ ಹೋಗಿ ಅಂಟುತ್ತದೆ. ಇಡೀ ಭ್ರೂಣವನ್ನು ಪಾರದರ್ಶಕ ಮಾಡಿದಾಗ ನೀಲಿ ಅಸ್ಥಿಪಂಜರ ಕಾಣುತ್ತದೆ, ಅದರ ನಡುನಡುವೆ ಕೆಂಪು ಮೂಡುತ್ತಾ ಬರುತ್ತದೆ. ತೊಡೆಮೂಳೆಯ ಮಧ್ಯದಲ್ಲಿ ಕೆಂಪು, ಎರಡು ತುದಿ ಇನ್ನೂ ನೀಲಿ. ಆ ನೀಲಿ ಇರುವಷ್ಟು ಕಾಲ ಮಗು ಎತ್ತರ ಬೆಳೆಯುತ್ತದೆ. ಅದೇ ಸಕ್ಕರೆ ಸರಪಳಿಗಳು ಅರವತ್ತು ವರ್ಷದ ನಂತರ ಮೊಣಕಾಲಿನಲ್ಲಿ ಕಡಿಮೆಯಾಗುತ್ತವೆ. ಅಲ್ಲಿ ಸಾಮಾನ್ಯವಾಗಿ ಸಫ್ರಾನಿನ್ ಒ ಎಂಬ ಕೆಂಪು ಬಣ್ಣ ಬಳಸುತ್ತಾರೆ. ಆರೋಗ್ಯವಂತ ಮೃದ್ವಸ್ಥಿ ಗಾಢ ಕೆಂಪು, ಸಂಧಿವಾತ ಬಂದದ್ದು ಮೇಲ್ಪದರದಿಂದ ಬಿಳಿಚಿಕೊಳ್ಳುತ್ತಾ ಬರುತ್ತದೆ. ಮೃದ್ವಸ್ಥಿ ಎಷ್ಟು ಹಾಳಾಗಿದೆ ಎಂದು ಅಳೆಯಲು 1971ರಿಂದ ಬಳಕೆಯಲ್ಲಿರುವ ಮ್ಯಾಂಕಿನ್ ಸ್ಕೋರ್‌ನಲ್ಲಿ ಹೀಗೆ ಬಣ್ಣ ಕಳೆದುಕೊಂಡದ್ದಕ್ಕೂ ಅಂಕ ಇದೆ. ಇಲ್ಲಿಯೂ ಬಣ್ಣಕ್ಕೆ ವಯಸ್ಸು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆ ಸಕ್ಕರೆ ಸರಪಳಿ ಎಷ್ಟಿದೆ ಅನ್ನುವುದು ಮಾತ್ರ. ಮೊಣಕಾಲಿಗೆ ಪೆಟ್ಟು ಬಿದ್ದ ಇಪ್ಪತ್ತೈದರ ಆಟಗಾರನಲ್ಲೂ ಅದು ಬಿಳಿಚಿಕೊಳ್ಳಬಹುದು.

ಕಾಲೇಜಿನಲ್ಲಿ ಇದನ್ನೆಲ್ಲಾ ಮಾಡಿ ನೋಡಬೇಕು ಅನ್ನುವವರು ಎಸ್‌ಎ ಬೀಟಾ ಗ್ಯಾಲ್‌ನಿಂದ ಶುರು ಮಾಡಬೇಡಿ. ಆಲ್ಸಿಯನ್-ಅಲಿಝರಿನ್ ಜೋಡಿಯಿಂದ ಶುರು ಮಾಡಿ. ಮೊದಲು ನಿಮ್ಮ ಸಂಸ್ಥೆಯ ಅನುಮತಿ ತೆಗೆದುಕೊಳ್ಳಿ. ಹತ್ತು ದಿನ ದಾಟಿದ ಕೋಳಿ ಭ್ರೂಣ ಒಳ್ಳೆಯದು, ನೀಲಿ ಕೆಂಪು ಎರಡೂ ಸಿಗುತ್ತದೆ. ಎಥನಾಲ್‌ನಲ್ಲಿ ಫಿಕ್ಸ್ ಮಾಡಿ, ಅಸಿಟೋನ್‌ನಲ್ಲಿ ಕೊಬ್ಬು ತೆಗೆಯಿರಿ, ಆಮೇಲೆ ಆಲ್ಸಿಯನ್ ಬ್ಲೂ. ಇದನ್ನು ಅಸಿಟಿಕ್ ಆಮ್ಲ ಸೇರಿಸಿದ ಎಥನಾಲ್‌ನಲ್ಲಿ ಕರಗಿಸಿರುತ್ತಾರೆ, ಅಲ್ಲೇ ಎಚ್ಚರ ಬೇಕಾದದ್ದು. ಆಮ್ಲದಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಎಳೆಯ ಮೂಳೆಯ ಕ್ಯಾಲ್ಸಿಯಂ ಕರಗಿಹೋಗುತ್ತದೆ, ಆಮೇಲೆ ಅಲಿಝರಿನ್ ಎಷ್ಟು ಹಾಕಿದರೂ ಕೆಂಪು ಹತ್ತುವುದಿಲ್ಲ, ಮತ್ತು ನೋಡಿದವರು ಈ ವಯಸ್ಸಿಗೆ ಮೂಳೆಯೇ ಕಟ್ಟಿಲ್ಲ ಎಂದು ಬರೆದುಕೊಳ್ಳುತ್ತಾರೆ. ಜೀಬ್ರಾ ಮೀನಿನ ಮರಿಯಂಥ ಪುಟ್ಟ ಮಾದರಿಗಳಿಗೆ ಆಮ್ಲವೇ ಇಲ್ಲದ, ಮೆಗ್ನೀಸಿಯಂ ಕ್ಲೋರೈಡ್ ಬಳಸುವ ವಿಧಾನ ಇದೆ, ಅದನ್ನೇ ಹಿಡಿಯಿರಿ. ಕೊನೆಗೆ 1% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮಾಂಸ ಪಾರದರ್ಶಕವಾಗುತ್ತದೆ. ದಿನಕ್ಕೊಮ್ಮೆಯಾದರೂ ನೋಡುತ್ತಿರಿ, ಮೂಳೆ ಸ್ಪಷ್ಟವಾಗಿ ಕಂಡ ತಕ್ಷಣ ಗ್ಲಿಸರಾಲ್ ಬೆರೆಸುತ್ತಾ ಹೋಗಿ. ಬಿಟ್ಟರೆ ಕೀಲುಗಳು ಸಡಿಲವಾಗಿ ಬೆರಳುಗಳು ಬಿಡಿಬಿಡಿಯಾಗಿ ತೇಲುತ್ತವೆ. ಪ್ರತಿ ಸಲವೂ ವಯಸ್ಸು ಗೊತ್ತಿರುವ ಇನ್ನೊಂದು ಭ್ರೂಣವನ್ನು ಅದೇ ದ್ರಾವಣದಲ್ಲಿ, ಅಷ್ಟೇ ಹೊತ್ತು, ಪಕ್ಕದಲ್ಲೇ ಇಟ್ಟಿರಿ.